ನಾಲ್ಕು ಮೀಟರ್ ಮಳೆಯ ಊರಿಗೆ ಮೇ ತಿಂಗಳಲ್ಲಿ ಟ್ಯಾಂಕರ್ ಏಕೆ?

(ಉಡುಪಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉತ್ತರದೊಂದಿಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಉಡುಪಿಯಲ್ಲಿ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರ್ ಆಸುಪಾಸು. ಅಂದರೆ ನಾಲ್ಕು ಮೀಟರ್. ಬಿದ್ದ ನೀರೆಲ್ಲ ಬಿದ್ದಲ್ಲೇ ನಿಂತರೆ ಈ ಹಾಲ್‌ನ ಫ್ಯಾನುಗಳು ಮುಳುಗುತ್ತವೆ. 1,000 ಚದರ ಅಡಿಯ ಒಂದು ತಾರಸಿಯ ಮೇಲೆ ವರ್ಷಕ್ಕೆ ಬೀಳುವ ನೀರು 3.7 ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಆದರೆ ಮೂವತ್ತು ಟ್ಯಾಂಕರ್ ತುಂಬುತ್ತದೆ. ಬೆಂಗಳೂರಿಗೆ ಬೀಳುವುದು ನಮ್ಮದರ ಕಾಲು ಭಾಗ.

ಇಷ್ಟಿದ್ದೂ 2019ರ ಮೇ ತಿಂಗಳಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ತಳದ ಬಂಡೆಗಳು ಕಾಣುತ್ತಿದ್ದವು. ಉಡುಪಿ, ಮಣಿಪಾಲಕ್ಕೆ ಆಗ ನಲ್ಲಿ ನೀರು ಬರುತ್ತಿದ್ದುದೇ ಅಲ್ಲಿಂದ. ಬಾವಿ ಇರುವ ಮನೆಗಳಲ್ಲೂ ಕೊಡ ತಳ ಮುಟ್ಟುವ ಸದ್ದು ಕೇಳುತ್ತಿತ್ತು. ನಾಲ್ಕು ಮೀಟರ್ ಮಳೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ನಮ್ಮ ಊರಿನ ನೆಲ, ಕಲ್ಲು, ಗಾಳಿ, ಗದ್ದೆ ಎಲ್ಲವನ್ನೂ ನೋಡಿದಂತಾಗುತ್ತದೆ.

ಮೊದಲು ನಾವು ಎಲ್ಲಿದ್ದೇವೆ ಅಂತ ನೋಡೋಣ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿಮೂರು ಡಿಗ್ರಿ ಚಿಲ್ಲರೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಏಪ್ರಿಲ್ 25ರ ಸುಮಾರಿಗೆ ಒಮ್ಮೆ, ಆಗಸ್ಟ್ 17ರ ಸುಮಾರಿಗೆ ಇನ್ನೊಮ್ಮೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿಲ್ಲ. ಆದರೆ ಗಡಿಯಾರ ನೋಡಿ ಹನ್ನೆರಡು ಗಂಟೆಗೆ ಹೊರಗೆ ಓಡಬೇಡಿ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕೆ ಸುಮಾರು ಎಂಟು ಡಿಗ್ರಿ ದೂರ ಇದ್ದೇವೆ. ಹಾಗಾಗಿ ಇಲ್ಲಿ ನಿಜವಾದ ನಡು ಮಧ್ಯಾಹ್ನ ಆಗುವುದು ಹನ್ನೆರಡೂವರೆ ಹೊತ್ತಿಗೆ. ಏಪ್ರಿಲಿನಲ್ಲಿ ಇದನ್ನು ನೋಡುವುದು ಸುಲಭ. ಆಗಸ್ಟಿನಲ್ಲಿ ಮೋಡ ಬಿಟ್ಟುಕೊಟ್ಟರೆ ಮಾತ್ರ.

ಈ ಎರಡು ದಿನಗಳ ನಡುವೆ, ಅಂದರೆ ಮೇ, ಜೂನ್, ಜುಲೈ ತಿಂಗಳಲ್ಲಿ, ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಲೆಕ್ಕ ಪ್ರಕಾರ ಜೂನ್, ಜುಲೈ ನಮಗೆ ಉರಿಬಿಸಿಲಿನ ತಿಂಗಳಾಗಬೇಕಿತ್ತು. ಆಗುವುದಿಲ್ಲ. ಜುಲೈಯಲ್ಲಿ ಹಗಲಿನ ಉಷ್ಣಾಂಶ 29 ಡಿಗ್ರಿ ದಾಟುವುದು ಕಷ್ಟ. ಜನವರಿಯಲ್ಲಿ ಅದೇ 32, 33 ಇರುತ್ತದೆ. ನಮ್ಮ ಚಳಿಗಾಲದ ಹಗಲು ಮಳೆಗಾಲದ ಹಗಲಿಗಿಂತ ಬಿಸಿ. ಶಾಲೆಯಲ್ಲಿ ಮಕ್ಕಳಿಗೆ ಬೇಸಿಗೆ, ಮಳೆಗಾಲ, ಚಳಿಗಾಲ ಅಂತ ಕಲಿಸುತ್ತೇವೆ ಅಲ್ವಾ? ಕರಾವಳಿಯ ಮಕ್ಕಳಿಗೆ ಮಳೆ ಇರುವ ಕಾಲ, ಮಳೆ ಇಲ್ಲದ ಕಾಲ ಅಂತ ಎರಡೇ ಹೇಳಿಕೊಟ್ಟರೂ ತಪ್ಪಿಲ್ಲ ಅಂತ ನನಗನಿಸುತ್ತದೆ.

ಚಳಿಗಾಲದ ಆ ಬಿಸಿಗೂ ಒಂದು ಕಾರಣ ಇದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಮೂಡು ದಿಕ್ಕಿನಿಂದ, ಘಟ್ಟದ ಕಡೆಯಿಂದ ಒಣ ಗಾಳಿ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ನೂರು ಮೀಟರ್ ಇಳಿದರೆ ಒಂದು ಡಿಗ್ರಿ. ಬೇರೆ ದಿನಗಳಲ್ಲಿ ಬಿಸಿಲೇರುವ ಹೊತ್ತಿಗೆ ಕಡಲಿನಿಂದ ತಂಪು ಗಾಳಿ ಶುರುವಾಗಿ ಹಗಲನ್ನು ತಡೆಯುತ್ತದೆ. ಮೂಡು ಗಾಳಿ ಜೋರಾಗಿದ್ದ ದಿನ ಆ ಕಡಲ ಗಾಳಿ ತಡವಾಗುತ್ತದೆ. ಆಗ ಮಂಗಳೂರಿನ ಪಣಂಬೂರು, ಹೊನ್ನಾವರ, ಕಾರವಾರದ ಹೆಸರು ದೇಶದ ಅತಿ ಬಿಸಿ ಊರುಗಳ ಪಟ್ಟಿಯಲ್ಲಿ ಮೇಲೆ ಬರುತ್ತದೆ. ಉತ್ತರ ಭಾರತದಲ್ಲಿ ಕಂಬಳಿ ಹೊದ್ದಿರುವ ದಿನಗಳಲ್ಲಿ! ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಮಿತಿಯನ್ನು 37 ಡಿಗ್ರಿ ಅಂತ ಇಟ್ಟಿದೆ. ಬಯಲು ಸೀಮೆಗೆ 40. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಆರುವುದಿಲ್ಲ. ಆದ್ದರಿಂದ 37 ಡಿಗ್ರಿಯೇ ಮೈಗೆ ಸಾಕಷ್ಟು ಕಷ್ಟ ಕೊಡುತ್ತದೆ.

ಇನ್ನು ನೆಲದ ವಿಷಯ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಲ್ಲಿ ಬಹಳ ಮಂದಿ ಇದ್ದೀರಿ. ಅಲ್ಲಿನ ಕಂಬದಂಥ ಕಲ್ಲುಗಳ ಮೇಲೆ ನಿಂತು ಫೋಟೋ ತೆಗೆಸಿಕೊಂಡಿರುತ್ತೀರಿ. ಅವು ಬೆಂಕಿಯ ಲಾವಾ ತಣ್ಣಗಾಗುವಾಗ ಸೀಳಿ ಆದ ಕಂಬಗಳು. ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಅದು ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ಅದು. ಆ ಒಡಕೇ ನಮ್ಮ ಪಶ್ಚಿಮ ಕರಾವಳಿಯ ಮೊದಲ ಗೆರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಅಲ್ಲಿ ನಿಂತು ಪೂರ್ವಕ್ಕೆ ತಿರುಗಿ. ದೂರದಲ್ಲಿ ನೀಲಿಯಾಗಿ ಘಟ್ಟದ ಗೋಡೆ. ಮುಂದೆ ತೆಂಗಿನ ಸಾಲು. ಇವೆರಡರ ನಡುವಿನ ಪಟ್ಟಿ ಅಷ್ಟೇ ನಮ್ಮ ಜಿಲ್ಲೆ. ಉಡುಪಿ ಪೇಟೆಯಿಂದ ಆಗುಂಬೆಗೆ ರಸ್ತೆಯಲ್ಲಿ 55 ಕಿಲೋಮೀಟರ್ ಆಸುಪಾಸು. ಆಗುಂಬೆಯ ಎತ್ತರ ಸುಮಾರು 650 ಮೀಟರ್.

ಮಳೆಗೆ ಈ ಗೋಡೆಯೇ ಕಾರಣ ಅಂತ ನಿಮಗೆಲ್ಲ ಗೊತ್ತು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹೊರಟ ಗಾಳಿ ಭೂಮಧ್ಯರೇಖೆ ದಾಟಿ, ಸೊಮಾಲಿಯಾದ ಹತ್ತಿರ ಬಲಕ್ಕೆ ತಿರುಗಿ, ಇಡೀ ಅರಬ್ಬಿ ಸಮುದ್ರದ ತೇವ ಹೊತ್ತು ಬರುತ್ತದೆ. ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಸುರಿಯುತ್ತದೆ. ಉಡುಪಿಗೆ 4,000 ಮಿಲಿಮೀಟರ್ ಆದರೆ ಆಗುಂಬೆಗೆ 7,000 ಮೀರಿ. ಅದೇ ಗಾಳಿ ಚಿತ್ರದುರ್ಗ ತಲುಪುವಾಗ ಖಾಲಿಯಾಗಿರುತ್ತದೆ. ಅಲ್ಲಿ ವರ್ಷಕ್ಕೆ 700ಕ್ಕಿಂತ ಕಡಿಮೆ.

ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ನಾನು ನಿಮಗೆ ತೋರಿಸಬೇಕು ಅಂದುಕೊಂಡದ್ದು ಮಳೆ ಬಿದ್ದ ಮೇಲಿನ ಕತೆ. ಘಟ್ಟದ ನೆತ್ತಿಯಿಂದ ಮೂಡು ಕಡೆಗೆ ಹರಿದ ನೀರು ತುಂಗೆಗೆ ಸೇರಿ, ಕೃಷ್ಣೆಗೆ ಸೇರಿ, ದೇಶವನ್ನೇ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ದಾರಿಯಲ್ಲಿ ಎಷ್ಟು ಊರು, ಎಷ್ಟು ಕಾಲುವೆ, ಎಷ್ಟು ಕೆರೆ! ಪಡು ಕಡೆಗೆ ಬಿದ್ದ ನೀರಿನ ಪ್ರಯಾಣ ತೀರ ಚಿಕ್ಕದು. ನಮ್ಮ ಜಿಲ್ಲೆಯನ್ನು ಒಂದು ಹಂಚಿನ ಮಾಡು ಅಂತ ಇಟ್ಟುಕೊಳ್ಳಿ. ಮಾಡಿನ ನೆತ್ತಿ ಘಟ್ಟದಲ್ಲಿ, ಸೂರಂಚು ಮಲ್ಪೆಯಲ್ಲಿ. ಘಟ್ಟದಲ್ಲಿ ರಾತ್ರಿ ಜೋರು ಮಳೆಯಾದರೆ ಮರುದಿನ ಸ್ವರ್ಣೆ, ಸೀತೆ, ಸೌಪರ್ಣಿಕೆ ಕೆಂಪಾಗಿ ತುಂಬಿ ಬರುತ್ತವೆ. ಮಳೆ ನಿಂತರೆ ನದಿಯೂ ಬೇಗ ಇಳಿಯುತ್ತದೆ.

ಕಡಲು ಮುಟ್ಟುವ ಮುಂಚೆ ಈ ನದಿಗಳಿಗೆ ಒಂದು ಅಡ್ಡಿ ಸಿಗುತ್ತದೆ. ಅಲೆಗಳು ತಂದು ಗುಡ್ಡೆ ಹಾಕಿದ ಮರಳಿನ ಪಟ್ಟಿ. ಹಾಗಾಗಿ ನದಿ ನೇರವಾಗಿ ಕಡಲಿಗೆ ಇಳಿಯದೆ ಪಕ್ಕಕ್ಕೆ ತಿರುಗಿ ದಡದ ಉದ್ದಕ್ಕೂ ಹರಿಯುತ್ತದೆ. ಉದ್ಯಾವರದ ಹೊಳೆ ಹೀಗೆ ಉತ್ತರಕ್ಕೆ ತಿರುಗಿ ಮಲ್ಪೆಯಲ್ಲಿ ಕಡಲು ಸೇರುತ್ತದೆ. ಅದಕ್ಕೂ ಕಡಲಿಗೂ ನಡುವೆ ಪಡುಕೆರೆ ಒಂದು ಕಿರಿದಾದ ಪಟ್ಟಿಯಾಗಿ ಉಳಿದಿದೆ. ಕೋಡಿ ಬೆಂಗ್ರೆ, ಮರವಂತೆ, ಮಂಗಳೂರಿನ ತಣ್ಣೀರುಬಾವಿ, ಎಲ್ಲವೂ ಇದೇ ಜಾತಿಯ ನೆಲ.

ಈಗ ಕಲ್ಲು. ಮಣಿಪಾಲದ ಗುಡ್ಡೆ ಹತ್ತಿದರೆ ಸಿಗುವುದು ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನಮ್ಮ ಮನೆಗಳ ಗೋಡೆ, ಬಾವಿಯ ಕಟ್ಟೆ, ಪಾಗಾರ ಎಲ್ಲ ಅದರದ್ದೇ. ಲಕ್ಷಾಂತರ ವರ್ಷ ಬಿಸಿಲು, ಮಳೆ ಸರದಿಯಂತೆ ಬಿದ್ದು, ಕಲ್ಲಿನೊಳಗಿನ ಸಿಲಿಕಾ ಕರಗಿ ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಉಳಿದು ಗಟ್ಟಿಯಾದ ಕಲ್ಲು ಇದು. ಕೆಂಪು ಬಣ್ಣ ಕಬ್ಬಿಣದ್ದು. ಮೈತುಂಬ ತೂತು. ಮೇಲೆ ಬಿದ್ದ ನೀರನ್ನು ಬೇಗ ಒಳಗೆ ಬಿಡುತ್ತದೆ, ಆದರೆ ಹಿಡಿದಿಡುವುದಿಲ್ಲ. ಅದರ ಕೆಳಗೆ ಶೇಡಿ ಮಣ್ಣು ಇದೆ. ಬಾವಿ ತೋಡುವವರನ್ನು ಕೇಳಿ, ಶೇಡಿ ಸಿಕ್ಕಿತು ಅಂದರೆ ಅವರ ಮುಖವೇ ಬದಲಾಗುತ್ತದೆ. ಒಣಗಿದ್ದಾಗ ಗಟ್ಟಿ, ನೆನೆದರೆ ಕುಸಿಯುವ ಮಣ್ಣು. ಮುರಕಲ್ಲಿನೊಳಗೆ ಇಳಿದ ನೀರು ಶೇಡಿಯ ಮೇಲೆ ಬಂದು ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಿಯುತ್ತದೆ. ಗುಡ್ಡೆಯ ಬದಿಯಲ್ಲಿ ಒರತೆಯಾಗಿ ಹೊರಗೆ ಬಂದು ತೋಡು, ಅಂದರೆ ಸಣ್ಣ ಹಳ್ಳ, ಸೇರುತ್ತದೆ. ಆದ್ದರಿಂದಲೇ ಗುಡ್ಡೆಯ ಮೇಲಿನ ಬಾವಿ ಜುಲೈಯಲ್ಲಿ ಕೈಗೆ ಸಿಗುವಷ್ಟು ತುಂಬಿ, ಮಾರ್ಚ್‌ನಲ್ಲಿ ಪಾತಾಳಕ್ಕೆ ಇಳಿಯುವುದು. ರಸ್ತೆಗೋ ಮನೆಗೋ ಅಂತ ಗುಡ್ಡೆಯನ್ನು ನೆಟ್ಟಗೆ ಕಡಿದಲ್ಲಿ ಮಳೆಗಾಲದಲ್ಲಿ ಜರಿಯುವುದೂ ಇದೇ ಕಾರಣಕ್ಕೆ. ಮೇಲೆ ಗಟ್ಟಿ ಕಲ್ಲು ಕಾಣುತ್ತದೆ, ಕೆಳಗಿನ ಶೇಡಿ ನೆನೆದು ಜಾರಿರುತ್ತದೆ.

ಹೀಗೆ ಇಳಿಜಾರು ನೆಲ, ತೂತು ಕಲ್ಲು, ನಾಲ್ಕು ತಿಂಗಳಲ್ಲಿ ಮುಗಿಯುವ ಮಳೆ. ಈ ಮೂರೂ ಸೇರಿದರೆ ನೀರು ನಿಲ್ಲಬಾರದು. ಆದರೂ ಈ ನೆಲದಲ್ಲಿ ಜನ ಒಂದೇ ವರ್ಷದಲ್ಲಿ ಮೂರು ಬೆಳೆ ಭತ್ತ ತೆಗೆದಿದ್ದಾರೆ. ಅದು ಹೇಗೆ ಸಾಧ್ಯವಾಯಿತು ಅನ್ನುವುದು ನನಗೆ ಈ ಇಡೀ ವಿಷಯದಲ್ಲೇ ತುಂಬ ಇಷ್ಟವಾದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಿರಿಯರು ಗದ್ದೆಗಳನ್ನು ಎತ್ತರ ನೋಡಿ ಮೂರು ಬಗೆ ಮಾಡಿದ್ದರು. ಎಲ್ಲಕ್ಕಿಂತ ಮೇಲಿನದು ಬೆಟ್ಟು ಗದ್ದೆ. ಮಳೆ ನೀರೇ ಗತಿ, ಒಂದೇ ಬೆಳೆ, ಮಳೆಗಾಲದ ಏಣೆಲು. ನಡುವಿನದು ಮಜಲು. ಅಲ್ಲಿ ಏಣೆಲು ಕೊಯ್ದ ಮೇಲೆ ಸುಗ್ಗಿ ಬೆಳೆಯೂ ಆಗುತ್ತದೆ. ಎರಡು ಗುಡ್ಡೆಗಳ ನಡುವೆ, ತೋಡಿನ ಪಕ್ಕದಲ್ಲಿರುವುದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಆಮೇಲೆ ಬೇಸಿಗೆಯಲ್ಲಿ ಕೊಳಕೆ. ಮಣ್ಣಿನ ಗುಣಕ್ಕಿಂತ ಹೆಚ್ಚಾಗಿ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಅನ್ನುವುದನ್ನು ನೋಡಿ ಮಾಡಿದ ಲೆಕ್ಕ ಇದು. ಬೆಟ್ಟಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ನಿಂತ ನೀರು ಇಂಗಿ, ಮಜಲಿನ ಬಾವಿಗೆ ಬರುತ್ತದೆ. ಮಜಲಿನಲ್ಲಿ ಇಂಗಿದ್ದು ಬೈಲಿನ ತೋಡಿಗೆ ಬರುತ್ತದೆ. ಮೇಲಿನವನು ಗದ್ದೆಯ ಹುಣಿ, ಅಂದರೆ ಬದು, ಕಟ್ಟಿ ನೀರು ನಿಲ್ಲಿಸಿದರೆ ಕೆಳಗಿನವನಿಗೆ ಜನವರಿಯಲ್ಲಿ ನೀರು.

ಅದರ ಮೇಲೆ ಇನ್ನೂ ಎರಡು ಏರ್ಪಾಡು. ಗುಡ್ಡೆಯ ಮೇಲ್ಭಾಗದ ತಗ್ಗಿನಲ್ಲಿ ಮದಕ, ಅಂದರೆ ಮಣ್ಣಿನ ಏರಿ ಹಾಕಿದ ಕೆರೆ. ತೋಡಿಗೆ ಮಳೆ ಮುಗಿದ ಮೇಲೆ ಕಟ್ಟ. ಊರವರೆಲ್ಲ ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಸೀಳು ಹಾಕಿ ಕಟ್ಟ ಕಟ್ಟುತ್ತಿದ್ದರು. ಮುಂದಿನ ಜೂನ್‌ನಲ್ಲಿ ಅದು ತಾನೇ ಕೊಚ್ಚಿ ಹೋಗುತ್ತಿತ್ತು. ಮತ್ತೆ ನವೆಂಬರ್ ಡಿಸೆಂಬರ್‌ನಲ್ಲಿ ಹೊಸ ಕಟ್ಟ. ಈಗಿನ ಕಿಂಡಿ ಅಣೆಕಟ್ಟುಗಳ ಹಿಂದಿನ ಆಲೋಚನೆಯೂ ಇದೇ. ಮಳೆಗಾಲದಲ್ಲಿ ಹಲಗೆ ತೆಗೆದಿಡುವುದು, ಆಮೇಲೆ ಹಾಕುವುದು. ಹಲಗೆ ಹಾಕುವ ದಿನ ತಪ್ಪಿದರೆ ಆ ವರ್ಷದ ನೀರು ತಪ್ಪಿತು. ದಕ್ಷಿಣ ಕನ್ನಡದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡೆಗೆ ಅಡ್ಡವಾಗಿ ಸುರಂಗ ಕೊರೆದು ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಡ್ಡೆಯೊಳಗೆ ನೀರು ಅಡ್ಡಕ್ಕೆ ಚಲಿಸುತ್ತದೆ ಅಂತ ಈಗಷ್ಟೇ ಹೇಳಿದೆನಲ್ಲ, ಆ ನೀರನ್ನು ಅಲ್ಲೇ ಹೋಗಿ ಹಿಡಿಯುವ ವಿದ್ಯೆ ಅದು.

ಈಗ ಬೆಟ್ಟು ಗದ್ದೆಗಳನ್ನು ನೋಡಿ. ಬಹಳಷ್ಟು ಕಡೆ ಬೇಸಾಯ ಇಲ್ಲದೆ ಹಡಿಲು ಬಿದ್ದಿವೆ. ಕೂಲಿ ಜಾಸ್ತಿ, ಅಕ್ಕಿಗೆ ಬೆಲೆ ಇಲ್ಲ, ಮಕ್ಕಳು ಮುಂಬೈಯಲ್ಲೋ ಗಲ್ಫ್‌ನಲ್ಲೋ ಇದ್ದಾರೆ. ಬೇಸಾಯ ಬಿಟ್ಟವರನ್ನು ನಾನು ದೂರುವುದಿಲ್ಲ. ಆದರೆ ಹುಣಿ ಒಡೆದ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2021ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಗದ್ದೆಗಳಲ್ಲಿ ಮತ್ತೆ ನಾಟಿ ಮಾಡುವ ಆಂದೋಲನ ನಡೆಯಿತು. ಅಕ್ಕಿ ಎಷ್ಟು ಬಂತು ಅಂತಷ್ಟೇ ಅದನ್ನು ಅಳೆಯಬಾರದು. ನಾಲ್ಕು ತಿಂಗಳು ಅಲ್ಲಿ ನೀರು ನಿಂತಿತಲ್ಲ, ಅದಕ್ಕೂ ಬೆಲೆ ಕಟ್ಟಬೇಕು.

ಬೈಲಿನ ಕತೆ ಇನ್ನೂ ಗಂಭೀರ. ಪೇಟೆ ಬೆಳೆಯುವಾಗ ಬೈಲು ಅಗ್ಗದ ಜಾಗ. ಮಣ್ಣು ತುಂಬಿಸಿ ಮನೆ, ಅಂಗಡಿ, ವಸತಿ ಸಮುಚ್ಚಯ ಎದ್ದವು. ಇಂದ್ರಾಣಿ ಹೊಳೆ ಮಣಿಪಾಲದ ಇಳಿಜಾರಿನಿಂದ ಇಳಿದು, ಕಲ್ಸಂಕದ ಮೂಲಕ ಪೇಟೆ ದಾಟಿ ಪಡುವಣಕ್ಕೆ ಹೋಗುತ್ತದೆ. ಅದನ್ನು ನೋಡಿದ ಹೊಸಬರು ಚರಂಡಿ ಅಂದುಕೊಳ್ಳುತ್ತಾರೆ. 2020ರ ಸೆಪ್ಟೆಂಬರ್ 20, ಭಾನುವಾರ, ಅದು ಹೊಳೆ ಅಂತ ಎಲ್ಲರಿಗೂ ಗೊತ್ತಾಯಿತು. ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ಕಲ್ಸಂಕ, ಬೈಲಕೆರೆ, ಕೃಷ್ಣ ಮಠದ ವಾಹನ ನಿಲುಗಡೆ ಜಾಗ ಎಲ್ಲ ನೀರಾಗಿ, ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಮಳೆ ಅಸಾಧಾರಣ ಇತ್ತು, ನಿಜ. ಆದರೆ ನೀರು ಹೊಸ ಜಾಗಕ್ಕೆ ಬರಲಿಲ್ಲ. ತನ್ನ ಹಳೆಯ ಬೈಲಿಗೇ ಬಂತು. ಮೇ ತಿಂಗಳ ಟ್ಯಾಂಕರಿಗೂ ಸೆಪ್ಟೆಂಬರಿನ ದೋಣಿಗೂ ಕಾರಣ ಒಂದೇ ಅಂತ ನನ್ನ ಅಭಿಪ್ರಾಯ. ನೀರು ನಿಧಾನವಾಗಿ ಇಳಿಯುವ ಜಾಗಗಳು ಕಡಿಮೆಯಾದವು.

ಈ ಹವೆಯ ಜೊತೆ ಜನ ಹೇಗೆ ಬದುಕಿದರು ಅಂತ ತಿಳಿಯಬೇಕಾದರೆ ತುಳು ತಿಂಗಳುಗಳನ್ನು ನೋಡಬೇಕು. ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಸುಮಾರಿಗೆ ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ಕೋಲ, ನೇಮ, ಊರ ಜಾತ್ರೆ ನಿಲ್ಲುತ್ತವೆ. ಇನ್ನು ಎಲ್ಲರೂ ಗದ್ದೆಗೆ. ಮುಂಗಾರು ಕೇರಳಕ್ಕೆ ಜೂನ್ 1ರ ಸುಮಾರಿಗೆ, ನಮಗೆ ಅದಾಗಿ ಕೆಲವು ದಿನಕ್ಕೆ ಬರುವುದು ವಾಡಿಕೆ. ಅಂದರೆ ಪತ್ತನಾಜೆಗೂ ಮಳೆಗೂ ನಡುವೆ ಸುಮಾರು ಹತ್ತು ಹನ್ನೆರಡು ದಿನ ಸಿಗುತ್ತಿತ್ತು. ಸೌದೆ ಒಳಗಿಡಲು, ಪಡು ಗೋಡೆಗೆ ಮಡಲಿನ ತಟ್ಟಿ ಕಟ್ಟಲು, ಹಂಚು ಸರಿ ಮಾಡಲು, ಬೀಜ ನೆನೆಸಲು. ಎಷ್ಟು ಅಳೆದಿಟ್ಟ ದಿನ ನೋಡಿ! ಕಡಲಲ್ಲೂ ಅಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇದೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಅದೇ ಸಮಯದಲ್ಲಿ ಕಡಲಿನ ತಳದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೆ ಬರುತ್ತದೆ. ಬೂತಾಯಿ, ಬಂಗುಡೆ ಮೀನುಗಳಿಗೆ ಮೇವು ಆಗ ಹೆಚ್ಚು.

ಆಟಿ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಕಷ್ಟದ ತಿಂಗಳು. ನಾಟಿ ಮುಗಿದಿದೆ, ಕಣಜ ಖಾಲಿ, ಕಡಲಿಗೆ ಇಳಿಯುವ ಹಾಗಿಲ್ಲ. ಅದಕ್ಕೇ ಕಾಡು, ಗುಡ್ಡೆ ಕೊಟ್ಟದ್ದನ್ನು ತಿಂದರು. ಕಣಿಲೆ ಅಂದರೆ ಎಳೆ ಬಿದಿರು, ತಜಂಕ್ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ. ಈಗ ಹೋಟೆಲುಗಳಲ್ಲಿ ಆಟಿ ಊಟ ಅಂತ ಬಡಿಸುತ್ತಾರೆ, ಸಂತೋಷ. ಅದು ಹಸಿವಿನಿಂದ ಹುಟ್ಟಿದ ಊಟ ಅನ್ನುವುದು ಮಕ್ಕಳಿಗೆ ಗೊತ್ತಿರಲಿ.

ಗುಡುಗಿನ ಬಗ್ಗೆ ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ನಮ್ಮಲ್ಲಿ ನಡು ಮಳೆಗಾಲದಲ್ಲಿ ಸಿಡಿಲು ಕಡಿಮೆ. ಜುಲೈ ಮಳೆ ಪಡುವಣದಿಂದ ಬರುತ್ತದೆ, ದಿನಗಟ್ಟಲೆ ಒಂದೇ ಸಮ ಸುರಿಯುತ್ತದೆ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಮಳೆ ಬೇರೆ. ಮಧ್ಯಾಹ್ನದ ಬಿಸಿಗೆ ಘಟ್ಟದ ಮೇಲೆ ಮೋಡ ಎದ್ದು, ಸಂಜೆ ಮೂಡು ದಿಕ್ಕಿನಿಂದ ಗುಡುಗುತ್ತಾ ಬರುತ್ತದೆ. ಸಿಡಿಲಿಗೆ ಜೀವ ಹೋಗುವುದು ಹೆಚ್ಚಾಗಿ ಆ ಸಂಜೆಗಳಲ್ಲೇ. ಅಂಗಳದಲ್ಲಿ ಅಡಿಕೆ ಒಣಗಿಸಲು ಹಾಕಿದವರು, ಮೈದಾನದಲ್ಲಿ ಆಡುವ ಮಕ್ಕಳು, ಮೂಡುವಣ ಕಪ್ಪಾದರೆ ಒಳಗೆ ಬಂದುಬಿಡಿ.

ಪ್ರಶ್ನೆ: ಹವಾಮಾನ ಬದಲಾಗುತ್ತಿದೆ ಅನ್ನುತ್ತಾರೆ. ನಮ್ಮ ಊರಲ್ಲಿ ಅದು ಕಾಣುತ್ತಿದೆಯೇ?

ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ ಅನ್ನುವುದರಲ್ಲಿ ಅನುಮಾನ ಇಲ್ಲ. 2021ರ ಮೇ ನಡುವೆ ತೌಕ್ತೇ ಚಂಡಮಾರುತ ನಮ್ಮ ದಡದ ಹತ್ತಿರವೇ ಹಾದು ಹೋಯಿತು. ಕಡಲ್ಕೊರೆತಕ್ಕೆ ಮನೆ, ರಸ್ತೆ, ತೆಂಗಿನ ಮರ ಹೋದವು. ನೀರಿನ ದೃಷ್ಟಿಯಿಂದ ನಾನು ಗಮನಿಸುವುದು ಮುಂಗಾರಿನ ದಿನಾಂಕ. 2019ರಲ್ಲಿ ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ. 2023ರಲ್ಲೂ ಜೂನ್ 8. 2025ರಲ್ಲಿ ಮೇ 24ಕ್ಕೇ ಬಂತು, ಪತ್ತನಾಜೆಯ ಹೊತ್ತಿಗೆ. ಹದಿನೈದು ದಿನದ ವ್ಯತ್ಯಾಸ. ದೊಡ್ಡ ಜಲಾಶಯ ಇರುವ ಊರಿಗೆ ಹದಿನೈದು ದಿನ ಏನೂ ಅಲ್ಲ. ಬಜೆಯಂಥ ಚಿಕ್ಕ ಅಣೆಕಟ್ಟನ್ನು ನಂಬಿದ ಊರಿಗೆ ಅದು ನೀರು ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ.

ಪ್ರಶ್ನೆ: ಕೋಡಿ ಬೆಂಗ್ರೆ, ಪಡುಕೆರೆಯಂಥ ಕಡೆ ಎರಡೂ ಬದಿ ಉಪ್ಪು ನೀರು. ಆದರೂ ಬಾವಿಯಲ್ಲಿ ಸಿಹಿ ನೀರು ಹೇಗೆ? ಈಗೀಗ ಏಪ್ರಿಲ್‌ನಲ್ಲಿ ಉಪ್ಪಾಗುವುದು ಏಕೆ?

ಒಳ್ಳೆಯ ಪ್ರಶ್ನೆ. ಅಲ್ಲಿ ನೆಲ ಬರೀ ಮರಳು. ಬಿದ್ದ ಮಳೆ ನೇರ ಒಳಗಿಳಿಯುತ್ತದೆ. ಸಿಹಿ ನೀರು ಉಪ್ಪು ನೀರಿಗಿಂತ ಹಗುರ. ಹಾಗಾಗಿ ಮರಳಿನೊಳಗೆ ಸಿಹಿ ನೀರು ಉಪ್ಪು ನೀರಿನ ಮೇಲೆ ತೇಲಿಕೊಂಡಿರುತ್ತದೆ. ಇದಕ್ಕೊಂದು ಹಳೆಯ ಲೆಕ್ಕ ಇದೆ. ಬಾವಿಯ ನೀರು ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಆಳದವರೆಗೆ ಸಿಹಿ ನೀರು ನಿಲ್ಲಬಲ್ಲದು. ಇದರ ಇನ್ನೊಂದು ಮುಖವನ್ನೂ ನೋಡಿ. ಪಂಪ್ ಹಾಕಿ ಬಾವಿಯ ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ನಲವತ್ತು ಅಡಿ ಮೇಲೇರಲು ಹೊರಡುತ್ತದೆ. ಹಿಂದೆ ಕೊಡದಲ್ಲಿ ಸೇದುತ್ತಿದ್ದರು, ಮಟ್ಟ ಅಷ್ಟು ಇಳಿಯುತ್ತಿರಲಿಲ್ಲ. ಅಲ್ಲಿ ಆಳದ ಬೋರ್‌ವೆಲ್ ಕೊರೆಯುವುದು ಉಪ್ಪನ್ನು ಕರೆದಂತೆ. ಅಗಲವಾದ, ಆಳ ಕಡಿಮೆ ಇರುವ ಬಾವಿಯೇ ಸರಿ. ಸಣ್ಣ ಪಂಪಿನಲ್ಲಿ, ಬಿಟ್ಟು ಬಿಟ್ಟು, ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ತಾರಸಿಯ ಮಳೆ ನೀರನ್ನು ಅದೇ ಬಾವಿಯ ಪಕ್ಕದ ಮರಳಿಗೆ ಬಿಡಬೇಕು. ಒಮ್ಮೆ ಉಪ್ಪಾದ ಬಾವಿಯೂ ಮಳೆಗಾಲದ ನೀರು ಸಾಕಷ್ಟು ಇಂಗಿದರೆ ಮತ್ತೆ ಸಿಹಿಯಾಗಬಹುದು. ಆದರೆ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ತಾರಸಿಯ ನೀರನ್ನು ಪೈಪಿನಲ್ಲಿ ಹೊಳೆಗೆ ಬಿಟ್ಟ ಮನೆಯ ಬಾವಿಗೆ ಆ ನೀರು ಸಿಗುವುದೇ ಇಲ್ಲ.